ಅಂಕಪಟ್ಟಿಯ ಹಿಂದಿರುವ ಮಗು
ಪ್ರತಿಭಾವಂತ ವಿದ್ಯಾರ್ಥಿಯ ಮಾನಸಿಕ ಅಸ್ವಾಸ್ಥ್ಯ ಮತ್ತು ಶಾಲೆ ಮಾಡಬೇಕಾದ ಹೊಂದಾಣಿಕೆ
(ಹೊಸೂರು–ಕೃಷ್ಣಗಿರಿ ಭಾಗದ ಕನ್ನಡ ಮಾಧ್ಯಮ ಶಿಕ್ಷಕರ ತರಬೇತಿಗಾಗಿ ಸಿದ್ಧಪಡಿಸಿದ ಉಪನ್ಯಾಸ)



ತರಗತಿಯಲ್ಲಿ ತೊಂದರೆಗೆ ಒಳಗಾಗಿರುವ ಮಕ್ಕಳ ಪಟ್ಟಿಯೊಂದನ್ನು ಬರೆಯಿರಿ ಎಂದರೆ ಯಾವ ಶಿಕ್ಷಕರಾದರೂ ಮೊದಲು ಬರೆಯುವುದು ಕಡಿಮೆ ಅಂಕ ಪಡೆದವರ ಹೆಸರನ್ನು. ಅದರ ಕೆಳಗೆ ಪದೇ ಪದೇ ಗೈರುಹಾಜರಾಗುವವರು, ಜಗಳವಾಡುವವರು, ಪುಸ್ತಕ ತರದವರು ಸೇರುತ್ತಾರೆ. ತರಗತಿಗೆ ಮೊದಲಿಗಳಾದ ಹುಡುಗಿಯ ಹೆಸರನ್ನು ಆ ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ. ಅವಳ ಹೆಸರು ಇರುವುದು ಇನ್ನೊಂದು ಪಟ್ಟಿಯಲ್ಲಿ. ಶಾಲೆಯ ಫಲಿತಾಂಶಕ್ಕೆ ಕೀರ್ತಿ ತರುವವರ ಪಟ್ಟಿಯಲ್ಲಿ. ಒಂದೇ ಮಗುವಿನ ಹೆಸರು ಎರಡೂ ಪಟ್ಟಿಗಳಲ್ಲಿ ಇರಬಹುದೆಂಬುದನ್ನು ಶಾಲೆ ಒಪ್ಪಿಕೊಳ್ಳುವುದು ಹೇಗೆ, ಒಪ್ಪಿಕೊಂಡ ಮೇಲೆ ಆ ಮಗುವಿಗಾಗಿ ಏನನ್ನು ಮಾಡಬೇಕು ಎಂಬುದೇ ಈ ಉಪನ್ಯಾಸದ ವಿಷಯ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ತಳಿಯ ಕಡೆಯ ಒಂದು ಹಳ್ಳಿ. ತಂದೆ ಹೊಸೂರಿನ ಸಿಪ್‌ಕಾಟ್ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸಗಾರ. ತಾಯಿ ಗುಲಾಬಿ ತೋಟದಲ್ಲಿ ಹೂ ಕೊಯ್ಯುವ ಕೂಲಿಗೆ ಹೋಗುತ್ತಾಳೆ. ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ. ಕಾಲುವಾರ್ಷಿಕ ಪರೀಕ್ಷೆಯಲ್ಲಿ 500ಕ್ಕೆ 478 ಅಂಕ. ಪ್ರಾರ್ಥನಾ ಸಭೆಯಲ್ಲಿ ಅವಳನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದ್ದಾಯಿತು. ದೀಪಾವಳಿಯ ನಂತರ ಅವಳು ಸೋಮವಾರಗಳಂದು ಬರುವುದಿಲ್ಲ. ಕೇಳಿದರೆ ಹೊಟ್ಟೆನೋವು ಎನ್ನುತ್ತಾಳೆ. ಗಣಿತದ ಕಿರುಪರೀಕ್ಷೆಯಲ್ಲಿ ಉತ್ತರವನ್ನು ಬರೆದು, ಹೊಡೆದು, ಮತ್ತೆ ಬರೆದು, ಕೊನೆಗೆ ಹಾಳೆಯನ್ನು ಕೊಡದೆಯೇ ಕುಳಿತಳು. ಮಧ್ಯಾಹ್ನ ಗೆಳತಿಯರೊಡನೆ ಊಟಕ್ಕೆ ಕೂರುವುದನ್ನು ಬಿಟ್ಟಿದ್ದಾಳೆ. ಆದರೂ ಅರ್ಧವಾರ್ಷಿಕದಲ್ಲಿ 461 ಅಂಕ ಬಂದಿದೆ. ಶಿಕ್ಷಕರ ಕೊಠಡಿಯಲ್ಲಿ ಒಬ್ಬರು "ಸ್ವಲ್ಪ ಅಹಂಕಾರ ಬಂದಿದೆ" ಎನ್ನುತ್ತಾರೆ. ಇನ್ನೊಬ್ಬರು "ಮೊಬೈಲಿನ ಹಾವಳಿ" ಎನ್ನುತ್ತಾರೆ. ಮೂರನೆಯವರು "461 ಬಂದಿದೆಯಲ್ಲ, ಇನ್ನೇನು ತೊಂದರೆ" ಎಂದು ಮಾತು ಮುಗಿಸುತ್ತಾರೆ.

ಈ ಮೂರನೆಯ ಮಾತೇ ಎಲ್ಲಕ್ಕಿಂತ ಅಪಾಯಕರವಾದದ್ದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಮಕ್ಕಳಿಗೆ ಕಲಿಸುವ ಶಾಲೆ ಅಂಕಪಟ್ಟಿಯ ಮುಂದೆ ಮಾತ್ರ ಅದನ್ನು ಮರೆಯುತ್ತದೆ.

ಅಂಕ ಆರೋಗ್ಯದ ಪ್ರಮಾಣಪತ್ರವಲ್ಲ

ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ. 7.3ರಷ್ಟು ಮಂದಿ ಒಂದಲ್ಲ ಒಂದು ಮಾನಸಿಕ ಅಸ್ವಾಸ್ಥ್ಯದಿಂದ ಬಳಲುತ್ತಿದ್ದರು. ನಲವತ್ತು ಮಕ್ಕಳ ತರಗತಿಗೆ ಈ ಲೆಕ್ಕವನ್ನು ಅನ್ವಯಿಸಿದರೆ ಸುಮಾರು ಮೂವರು. ಆ ಮೂವರೂ ಹಿಂದಿನ ಬೆಂಚಿನಲ್ಲಿಯೇ ಇರುತ್ತಾರೆ ಎನ್ನಲು ಯಾವ ಆಧಾರವೂ ಇಲ್ಲ. 2022ರಲ್ಲಿ ಎನ್‌ಸಿಇಆರ್‌ಟಿ ದೇಶದ 3.79 ಲಕ್ಷ ವಿದ್ಯಾರ್ಥಿಗಳನ್ನು ಕೇಳಿ ನಡೆಸಿದ ಸಮೀಕ್ಷೆಯಲ್ಲಿ ಶೇ. 81ರಷ್ಟು ಮಕ್ಕಳು ತಮ್ಮ ಆತಂಕಕ್ಕೆ ಓದು, ಪರೀಕ್ಷೆ ಮತ್ತು ಫಲಿತಾಂಶಗಳೇ ಕಾರಣವೆಂದು ಹೇಳಿದರು. ಐವರಲ್ಲಿ ನಾಲ್ವರು ಹೀಗೆ ಹೇಳಿದರೆಂದ ಮೇಲೆ ಅವರಲ್ಲಿ ಚೆನ್ನಾಗಿ ಓದುವವರೂ ಸೇರಿದ್ದಾರೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನೂ ಕಠಿಣವಾದ ಸಂಖ್ಯೆಗಳಿವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಸತ್ತರು. ಅದೇ ವರ್ಷ ಪರೀಕ್ಷೆಯಲ್ಲಿ ಅನುತ್ತೀರ್ಣರಾದುದೇ ಕಾರಣವೆಂದು ದಾಖಲಾದ ಸಾವುಗಳು 2,248. ಅಂದರೆ ಅನುತ್ತೀರ್ಣರಾಗುವ ಮಕ್ಕಳನ್ನು ಮಾತ್ರ ಗಮನಿಸುತ್ತಿದ್ದರೆ ಸಾಲದು.

ತಮಿಳುನಾಡಿನಲ್ಲಿ ಪಾಠ ಹೇಳುವ ಯಾವ ಶಿಕ್ಷಕರೂ ಅರಿಯಲೂರು ಜಿಲ್ಲೆಯ ಎಸ್. ಅನಿತಾಳನ್ನು ಮರೆತಿರಲಾರರು. ಹೊರೆ ಹೊರುವ ಕಾರ್ಮಿಕನ ಮಗಳು. ಹನ್ನೆರಡನೆಯ ತರಗತಿಯಲ್ಲಿ 1,200ಕ್ಕೆ 1,176 ಅಂಕ ಪಡೆದವಳು. ನೀಟ್ ಪರೀಕ್ಷೆಯ ವಿಷಯವಾಗಿ ಸುಪ್ರೀಂ ಕೋರ್ಟಿನವರೆಗೆ ಹೋದವಳು. 2017ರ ಸೆಪ್ಟೆಂಬರ್ 1ರಂದು ಅವಳು ಜೀವ ಕಳೆದುಕೊಂಡಳು. ಪ್ರವೇಶ ಪರೀಕ್ಷೆಯ ನ್ಯಾಯಾನ್ಯಾಯಗಳನ್ನು ನಾಡು ಇಂದಿಗೂ ಚರ್ಚಿಸುತ್ತಿದೆ. ಯಾವ ಸಾವಿಗೂ ಒಂದೇ ಕಾರಣವನ್ನು ಹೊರಗಿನವರು ಹೇಳಬಾರದು. ಆದರೆ ಶಿಕ್ಷಕ ವರ್ಗಕ್ಕೆ ಉಳಿಯುವ ಪಾಠ ಸ್ಪಷ್ಟವಾಗಿದೆ: 1,176 ಅಂಕಗಳು ಕೂಡ ಒಂದು ಮಗುವಿಗೆ ರಕ್ಷಣೆಯಾಗಲಿಲ್ಲ. ಅದೇ 2017ರಲ್ಲಿ ತಮಿಳುನಾಡು ಸರ್ಕಾರ ಹತ್ತು ಮತ್ತು ಹನ್ನೆರಡನೆಯ ತರಗತಿಗಳ ಫಲಿತಾಂಶದಲ್ಲಿ ರಾಜ್ಯಮಟ್ಟದ ಸ್ಥಾನಗಳನ್ನು ಪ್ರಕಟಿಸುವುದನ್ನು ನಿಲ್ಲಿಸಿತು. ಸರ್ಕಾರ ನಿಲ್ಲಿಸಿದ್ದನ್ನು ಶಾಲೆಯ ಸೂಚನಾ ಫಲಕ ಮುಂದುವರಿಸುತ್ತಿದೆಯೇ ಎಂದು ಪ್ರತಿ ಶಾಲೆಯೂ ತನ್ನನ್ನು ಕೇಳಿಕೊಳ್ಳಬೇಕು.

ಮುಚ್ಚಿಡುವ ಮಗುವನ್ನು ಗುರುತಿಸುವುದು

ಚೆನ್ನಾಗಿ ಓದುವ ಮಗು ತನ್ನ ಸಂಕಟವನ್ನು ಮುಚ್ಚಿಡುವುದರಲ್ಲಿಯೂ ಜಾಣತನ ತೋರುತ್ತದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಭಯ ಅದಕ್ಕೆ ಉಳಿದವರಿಗಿಂತ ಹೆಚ್ಚು. ಮನೆಯವರ ಆಸೆ, ಶಾಲೆಯ ಹೆಮ್ಮೆ, ಊರಿನ ಹೊಗಳಿಕೆ ಎಲ್ಲವೂ ತನ್ನ ಅಂಕಗಳ ಮೇಲೆ ನಿಂತಿವೆ ಎಂದು ಅದು ನಂಬಿರುತ್ತದೆ. ಆದುದರಿಂದ ಅಂಕಗಳು ಕುಸಿಯುವವರೆಗೆ ಕಾಯುವುದೆಂದರೆ ಎಲ್ಲಕ್ಕಿಂತ ಕೊನೆಯ ಸೂಚನೆಗಾಗಿ ಕಾದಂತೆ. ಅದಕ್ಕೆ ಮೊದಲೇ ಕಾಣುವ ಸೂಚನೆಗಳು ಹಲವು:

ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಅಭ್ಯಾಸಕ್ಕೆ ಮೂರು ಗಂಟೆ ಹಿಡಿಯುವುದು. ತಪ್ಪು ಬರೆಯುವುದಕ್ಕಿಂತ ಏನನ್ನೂ ಬರೆಯದಿರುವುದೇ ಮೇಲೆಂದು ಹಾಳೆಯನ್ನು ಖಾಲಿ ಬಿಡುವುದು. 98 ಬಂದಾಗ ಕಳೆದುಹೋದ ಎರಡು ಅಂಕಗಳಿಗಾಗಿ ಅಳುವುದು. ಪರೀಕ್ಷೆಯ ದಿನ ಬೆಳಿಗ್ಗೆ ವಾಂತಿ, ತಲೆನೋವು, ಎದೆಬಡಿತ. ತರಗತಿಯಲ್ಲಿ ತೂಕಡಿಕೆ, ರಾತ್ರಿ ನಿದ್ದೆ ಇಲ್ಲದಿರುವುದು. ಇಷ್ಟಪಡುತ್ತಿದ್ದ ಆಟ, ಹಾಡು, ಗೆಳೆತನಗಳಿಂದ ದೂರ ಸರಿಯುವುದು. ಮಾತುಮಾತಿಗೆ ಸಿಡಿಮಿಡಿ.

ಇವುಗಳಲ್ಲಿ ಒಂದೆರಡು ಒಂದೆರಡು ದಿನ ಕಾಣಿಸಿದರೆ ಅದು ಹರೆಯದ ಸಹಜ ಏರಿಳಿತವಿರಬಹುದು. ಎರಡು ವಾರಗಳಿಗೂ ಮೀರಿ ದಿನನಿತ್ಯ ಮುಂದುವರಿದು ಊಟ, ನಿದ್ದೆ, ಓದು, ಒಡನಾಟಗಳನ್ನು ಕೆಡಿಸುತ್ತಿದ್ದರೆ ವೈದ್ಯರ ಸಲಹೆ ಪಡೆಯಲೇಬೇಕು. ರೋಗದ ಹೆಸರು ಹೇಳುವುದು ಶಿಕ್ಷಕರ ಕೆಲಸವಲ್ಲ. ಕಂಡದ್ದನ್ನು ದಿನಾಂಕದೊಡನೆ ಬರೆದಿಡುವುದು ಅವರ ಕೆಲಸ. "ಖಿನ್ನತೆ ಇರುವಂತಿದೆ" ಎಂಬ ಬರಹಕ್ಕಿಂತ "ಕಳೆದ ನಾಲ್ಕು ವಾರಗಳಲ್ಲಿ ಆರು ದಿನ ಗೈರು; ಮೂರು ಕಿರುಪರೀಕ್ಷೆಗಳಲ್ಲಿ ಹಾಳೆ ಕೊಟ್ಟಿಲ್ಲ; ಮಧ್ಯಾಹ್ನ ಊಟ ಮಾಡುತ್ತಿಲ್ಲ" ಎಂಬ ಬರಹ ವೈದ್ಯರಿಗೆ ಹತ್ತು ಪಾಲು ಉಪಯುಕ್ತ.

ಸಂಕಟದ ಭಾಷೆ ತಾಯ್ನುಡಿ

ಗಡಿಭಾಗದ ಕನ್ನಡ ಶಿಕ್ಷಕರಿಗೆ ಈ ವಿಷಯದಲ್ಲಿ ವಿಶೇಷವಾದ ಹೊಣೆ ಇದೆ. ಇಲ್ಲಿನ ಮಗು ಬೀದಿಯಲ್ಲಿ ತಮಿಳು, ಮನೆಯಲ್ಲಿ ಕನ್ನಡ ಅಥವಾ ತೆಲುಗು, ಪುಸ್ತಕದಲ್ಲಿ ಗ್ರಾಂಥಿಕ ಕನ್ನಡ, ಮುಂದಿನ ಓದಿಗಾಗಿ ಇಂಗ್ಲಿಷ್ ಹೀಗೆ ನಾಲ್ಕು ದಡಗಳ ನಡುವೆ ಈಜುತ್ತಿರುತ್ತದೆ. ಆದರೆ ಮನಸ್ಸು ನೊಂದಾಗ ಬರುವ ಮಾತು ಮನೆಯ ಮಾತೇ. "ಯಾಕೋ ಬೇಜಾರು", "ಎದೆ ಡವಡವ ಅನ್ನುತ್ತೆ", "ಕೈಕಾಲು ತಣ್ಣಗಾಗುತ್ತೆ", "ತಲೆಗೆ ಏನೂ ಹತ್ತಲ್ಲ", "ಸಾಕಾಗಿಹೋಗಿದೆ" ಇಂತಹ ಮಾತುಗಳನ್ನು ಮಗು ಹೇಳುವುದು ಅದನ್ನು ಅರಿಯಬಲ್ಲವರ ಮುಂದೆ ಮಾತ್ರ. ಜಿಲ್ಲೆಯಿಂದ ಬರುವ ಸಮಾಲೋಚಕರಿಗೆ ಕನ್ನಡ ಬಾರದಿರಬಹುದು. ಆಗ ಆ ಮಗುವಿನ ಮಾತನ್ನು ಕೇಳಿಸಿಕೊಳ್ಳಬಲ್ಲ ಸರ್ಕಾರಿ ವ್ಯಕ್ತಿ ಅದರ ಕನ್ನಡ ಶಿಕ್ಷಕರೊಬ್ಬರೇ.

ಕೇಳುವ ಬಗೆಯೂ ಮುಖ್ಯ. "ನಿನಗೇನಾಗಿದೆ?" ಎಂದು ಎಲ್ಲರೆದುರು ಕೇಳಿದರೆ "ಏನಿಲ್ಲ ಮಿಸ್" ಎಂಬ ಉತ್ತರವೇ ಬರುತ್ತದೆ. ಪುಸ್ತಕ ಜೋಡಿಸುವ ನೆಪದಲ್ಲಿ ಪಕ್ಕಕ್ಕೆ ಕರೆದು, "ಏನಮ್ಮಾ, ಇತ್ತೀಚೆಗೆ ಊಟ ಸೇರುತ್ತಿದೆಯಾ? ರಾತ್ರಿ ನಿದ್ದೆ ಬರುತ್ತಿದೆಯಾ?" ಎಂದು ಕೇಳಿದರೆ ಮಾತು ತಾನಾಗಿ ಹೊರಬರುತ್ತದೆ. ಆ ಬಳಿಕ ಉಪದೇಶ ಬೇಡ. ಮನಸ್ಸಿದ್ದರೆ ಮಾರ್ಗ ಎಂಬುದು ಶಾಲೆಗಳ ಗೋಡೆಯ ಮೇಲೆ ಕಾಣುವ ಗಾದೆ. ಮನಸ್ಸೇ ಹುಷಾರಿಲ್ಲದ ಮಗುವಿಗೆ ಅದನ್ನು ಹೇಳುವುದೆಂದರೆ ಕಾಲು ಮುರಿದವನಿಗೆ ದಾರಿ ತೋರಿಸಿ ನಡೆ ಎಂದಂತೆ.

ಇನ್ನು ಮನೆಯವರು. "ಮನೋವೈದ್ಯರು" ಎಂಬ ಪದ ಕೇಳಿದೊಡನೆ ತಾಯ್ತಂದೆಯರು ಮಗಳ ಮದುವೆಯ ಬಗ್ಗೆ ಯೋಚಿಸುತ್ತಾರೆ. ಕೆಲವರು ದೃಷ್ಟಿ ತೆಗೆಸುತ್ತಾರೆ, ದೇವರ ಹರಕೆ ಹೊರುತ್ತಾರೆ. ಅವರ ನಂಬಿಕೆಯನ್ನು ಹೀಯಾಳಿಸಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. "ಹರಕೆ ಇರಲಿ ಅಣ್ಣಾ, ಜೊತೆಗೆ ಡಾಕ್ಟರಿಗೂ ಒಮ್ಮೆ ತೋರಿಸೋಣ" ಎಂದರೆ ಬಾಗಿಲು ತೆರೆದಿರುತ್ತದೆ. ಮನಸ್ಸಿನ ಕಾಯಿಲೆಯ ಬಗ್ಗೆ ಮುಜುಗರವಿಲ್ಲದೆ ಮಾತನಾಡಲು ಕನ್ನಡಕ್ಕೆ ಪದಗಳ ಕೊರತೆಯಿಲ್ಲ. 'ಕೊರವಂಜಿ'ಯ ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ 'ಮನಮಂಥನ' ಕೃತಿಗೆ 1976ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ನಿಮ್ಹಾನ್ಸ್‌ನಲ್ಲಿ ಸೇವೆ ಸಲ್ಲಿಸಿದ ಡಾ. ಸಿ.ಆರ್. ಚಂದ್ರಶೇಖರ್ ಅವರು ಜನಸಾಮಾನ್ಯರಿಗಾಗಿ ತಿಳಿಗನ್ನಡದಲ್ಲಿ ಬರೆದ ಪುಸ್ತಕಗಳು ಅನೇಕ. ಶಾಲೆಯ ಗ್ರಂಥಾಲಯದಲ್ಲಿ ಇಂತಹ ನಾಲ್ಕು ಪುಸ್ತಕಗಳಿದ್ದರೆ ತಾಯ್ತಂದೆಯರಿಗೆ ಕೊಡಲು ಕೈಗೆಟುಕುತ್ತವೆ.

ಚಿಕಿತ್ಸೆಯ ದಾರಿಯೂ ದೂರವಿಲ್ಲ. ಹೊಸೂರಿನ ಸರ್ಕಾರಿ ಆಸ್ಪತ್ರೆ, ಕೃಷ್ಣಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಾಗೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇವೆ. ಹೊಸೂರಿನಿಂದ 40 ಕಿಲೋಮೀಟರಿನೊಳಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಅದು ನಿಂತಿರುವ ರಸ್ತೆಯ ಹೆಸರೇ ಹೊಸೂರು ರಸ್ತೆ. ಅಲ್ಲಿ ಮಕ್ಕಳ ಮತ್ತು ಹರೆಯದವರ ಮನೋವೈದ್ಯಕೀಯಕ್ಕಾಗಿ ಪ್ರತ್ಯೇಕ ವಿಭಾಗವಿದೆ; ಕನ್ನಡದಲ್ಲಿಯೇ ಮಾತನಾಡಬಹುದು.

ಕಾನೂನು ಏನು ಹೇಳುತ್ತದೆ

ಹೊಂದಾಣಿಕೆಯನ್ನು ಕೇಳಲು ಮನೆಯವರೂ ಕೊಡಲು ಶಾಲೆಯವರೂ ಹಿಂಜರಿಯುವುದು ಅದು ಒಂದು ದಯೆ ಎಂಬ ಭಾವನೆಯಿಂದ. ಅದು ದಯೆಯಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಅಸ್ವಾಸ್ಥ್ಯವೂ ಒಂದು. ಅಗತ್ಯವಿರುವ ವಿದ್ಯಾರ್ಥಿಗೆ 'ಸಮಂಜಸ ಹೊಂದಾಣಿಕೆ' ಮಾಡಿಕೊಡುವುದು ಸರ್ಕಾರಿ ಮತ್ತು ಮಾನ್ಯತೆ ಪಡೆದ ಶಾಲೆಗಳ ಕರ್ತವ್ಯವೆಂದು ಅದರ 16ನೆಯ ಕಲಂ ಹೇಳುತ್ತದೆ. ಇದಕ್ಕೆ ಶೇ. 40ರ ಪ್ರಮಾಣಪತ್ರ ಬೇಕಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಮೀಸಲಾತಿಯಂತಹ ಕೆಲವು ಸೌಲಭ್ಯಗಳಿಗೆ ಆ ಮಿತಿ ಉಂಟು. ಆದರೆ ಸಮಂಜಸ ಹೊಂದಾಣಿಕೆ ಆ ಮಿತಿಗೆ ಕಟ್ಟುಬಿದ್ದಿಲ್ಲವೆಂಬುದು ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 11ರಂದು ನೀಡಿದ ತೀರ್ಪಿನಿಂದ ಸ್ಪಷ್ಟವಾಗಿದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಆ ಅಭ್ಯರ್ಥಿಗೆ ಶೇ. 40ರಷ್ಟು ವೈಕಲ್ಯವಿಲ್ಲವೆಂಬ ಕಾರಣದಿಂದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಬರಹಗಾರರ ನೆರವನ್ನು ನಿರಾಕರಿಸಲಾಗಿತ್ತು. ಪ್ರತಿಯೊಬ್ಬರ ಅಗತ್ಯವೂ ಬೇರೆ, ಅದನ್ನು ಅವರನ್ನೇ ಕೇಳಿ ತಿಳಿದು ಹೊಂದಾಣಿಕೆ ಮಾಡಬೇಕು ಎಂಬುದು ಆ ತೀರ್ಪಿನ ತಿರುಳು.

ಎಲ್ಲ ಸಂಕಟವೂ ವೈಕಲ್ಯವೆನಿಸುವುದಿಲ್ಲ. ಹಾಗೆನಿಸದ ಮಗುವಿಗೂ ಆಸರೆಯಾಗುವ ಇನ್ನೊಂದು ತೀರ್ಪಿದೆ. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯೊಬ್ಬಳ ಸಾವಿನ ಬಳಿಕ ಅವಳ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ಸುಕದೇವ್ ಸಾಹಾ ಪ್ರಕರಣವೆಂದು ಹೆಸರಾದ ಇದರಲ್ಲಿ ನ್ಯಾಯಾಲಯ 2025ರ ಜುಲೈ 25ರಂದು ದೇಶದ ಶಿಕ್ಷಣ ಸಂಸ್ಥೆಗಳಿಗೆಲ್ಲ ಅನ್ವಯಿಸುವ 15 ಮಾರ್ಗಸೂಚಿಗಳನ್ನು ನೀಡಿತು. ಸರ್ಕಾರ ಇದಕ್ಕಾಗಿ ಕಾನೂನು ತರುವವರೆಗೆ ಇವೇ ಕಾನೂನಿನಂತೆ ನಡೆಯುತ್ತವೆ. ಅವುಗಳಲ್ಲಿ ಶಿಕ್ಷಕರು ನೆನಪಿಡಬೇಕಾದವು ಇವು: 100 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಸಂಸ್ಥೆಯಲ್ಲಿ ಅರ್ಹ ಸಮಾಲೋಚಕರೊಬ್ಬರು ಇರಬೇಕು; ಅದಕ್ಕಿಂತ ಚಿಕ್ಕ ಸಂಸ್ಥೆ ಹೊರಗಿನ ಮಾನಸಿಕ ಆರೋಗ್ಯ ತಜ್ಞರೊಡನೆ ಅಧಿಕೃತ ಸಂಪರ್ಕ ಇಟ್ಟುಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಆಗಬೇಕು. ಅಂಕಗಳ ಆಧಾರದ ಮೇಲೆ ಮಕ್ಕಳನ್ನು ಗುಂಪು ವಿಂಗಡಿಸುವುದು, ಎಲ್ಲರೆದುರು ಅವಮಾನಿಸುವುದು, ಶಕ್ತಿಮೀರಿದ ಗುರಿ ಹೇರುವುದು ಇವುಗಳಿಂದ ಸಂಸ್ಥೆಗಳು ದೂರವಿರಬೇಕು. ಸಹಾಯವಾಣಿಯ ಸಂಖ್ಯೆ ಮಕ್ಕಳ ಕಣ್ಣಿಗೆ ಬೀಳುವಂತಿರಬೇಕು. ಮಕ್ಕಳಿಗೆ ಮಾನಸಿಕ ಕಿರುಕುಳ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಮೊದಲೇ ನಿಷೇಧಿಸಿದೆ ಎಂಬುದೂ ತಿಳಿದದ್ದೇ.

ಹೊಂದಾಣಿಕೆ ಎಂದರೆ ಏನೇನು

ಹೊಂದಾಣಿಕೆಯೆಂದರೆ ಅಂಕ ಹೆಚ್ಚಿಸಿ ಕೊಡುವುದಲ್ಲ, ಪಾಠ ಬಿಡುವುದಲ್ಲ. ತಲುಪಬೇಕಾದ ಊರು ಅದೇ. ದಾರಿ ಮಾತ್ರ ಸ್ವಲ್ಪ ಬೇರೆ. ಹಳ್ಳಿಯ ಶಾಲೆಯಲ್ಲಿಯೂ ಕಾಸಿನ ಖರ್ಚಿಲ್ಲದೆ ಮಾಡಬಹುದಾದವು ಹೀಗಿವೆ.

ಅಭ್ಯಾಸದ ಭಾರ: ಒಂದೇ ಬಗೆಯ ಹತ್ತು ಲೆಕ್ಕಗಳ ಬದಲು ಎಲ್ಲ ಬಗೆಗಳಿಗೂ ಸೇರಿ ನಾಲ್ಕು ಲೆಕ್ಕ. ಸಲ್ಲಿಸುವ ದಿನವನ್ನು ಎರಡು ಮೂರು ದಿನ ಮುಂದೂಡುವುದು. ಗೈರಾದ ದಿನಗಳ ಟಿಪ್ಪಣಿಯನ್ನು ಗೆಳತಿಯ ಪುಸ್ತಕದಿಂದ ಒದಗಿಸುವುದು.

ಪರೀಕ್ಷೆ: ಶಾಲಾ ಮಟ್ಟದ ಕಿರುಪರೀಕ್ಷೆಯನ್ನು ಬೇರೆ ಕೊಠಡಿಯಲ್ಲಿ ಬರೆಯಲು ಬಿಡುವುದು, ಸ್ವಲ್ಪ ಹೆಚ್ಚು ಸಮಯ, ಒಂದೇ ದಿನ ಎರಡು ಪರೀಕ್ಷೆಗಳಿದ್ದರೆ ಒಂದನ್ನು ಮುಂದಕ್ಕೆ ಹಾಕುವುದು. ಅಂಕವನ್ನು ಓದಿ ಹೇಳದೆ ಕೈಗೆ ಕೊಡುವುದು.

ತರಗತಿ: ಬಾಗಿಲ ಬಳಿಯ ಜಾಗ. ಎದೆಬಡಿತ ಹೆಚ್ಚಾದಾಗ ಕೇಳದೆಯೇ ಐದು ನಿಮಿಷ ಹೊರಗೆ ಹೋಗಿ ಬರಲು ಅನುಮತಿ, ಹೋಗಿ ಕೂರಲು ಒಂದು ನಿಶ್ಚಿತ ಸ್ಥಳ. ಎಲ್ಲರೆದುರು ಪಠಿಸುವ ಬದಲು ಶಿಕ್ಷಕರೊಬ್ಬರ ಮುಂದೆ ಒಪ್ಪಿಸುವುದು. ಔಷಧಿಯಿಂದ ಬೆಳಿಗ್ಗೆ ಮಂಪರು ಇದ್ದರೆ ಮೊದಲ ಅವಧಿಗೆ ತಡವಾಗಿ ಬರಲು ಅವಕಾಶ. ಸಂಜೆಯ ವಿಶೇಷ ತರಗತಿಯಿಂದ ಕೆಲವು ವಾರಗಳ ಬಿಡುವು.

ವ್ಯಕ್ತಿ: ಮಗುವೇ ಆರಿಸಿಕೊಂಡ ಒಬ್ಬ ಶಿಕ್ಷಕರು. ವಾರಕ್ಕೊಮ್ಮೆ ಹತ್ತು ನಿಮಿಷ ಅವರೊಡನೆ ಮಾತು.

ಸಾರ್ವಜನಿಕ ಪರೀಕ್ಷೆಯ ವಿಷಯ ಬೇರೆ. ಹೆಚ್ಚುವರಿ ಸಮಯ, ಬರಹಗಾರರ ನೆರವು, ಭಾಷಾ ವಿನಾಯಿತಿ ಮುಂತಾದವುಗಳನ್ನು ನೀಡುವ ಅಧಿಕಾರ ಶಾಲೆಗಿಲ್ಲ. ಅದು ಸರ್ಕಾರಿ ಪರೀಕ್ಷಾ ನಿರ್ದೇಶನಾಲಯದ್ದು. ಮುಖ್ಯೋಪಾಧ್ಯಾಯರು ಆ ವರ್ಷದ ಸುತ್ತೋಲೆಯನ್ನು ನೋಡಿ, ವೈದ್ಯಕೀಯ ಪ್ರಮಾಣಪತ್ರದೊಡನೆ ಅರ್ಜಿಯನ್ನು ಕಾಲಮಿತಿಯೊಳಗೆ ಕಳುಹಿಸಬೇಕು. ಹಾಜರಾತಿಯ ಕೊರತೆಯ ವಿಷಯವನ್ನೂ ವರ್ಷದ ಕೊನೆಯವರೆಗೆ ಬಿಡದೆ ಮೊದಲೇ ಮೇಲಧಿಕಾರಿಗಳ ಗಮನಕ್ಕೆ ತರಬೇಕು. ಈ ಕಡತಗಳು ನಡೆಯುವುದು ತಮಿಳಿನಲ್ಲಿ. ಮನೆಯವರು ಕನ್ನಡದಲ್ಲಿ ಬರೆದ ಅರ್ಜಿಗೆ ತಮಿಳು ರೂಪವನ್ನು ಸೇರಿಸಿ ಕಳುಹಿಸಿದರೆ ಎಷ್ಟೋ ವಾರಗಳು ಉಳಿಯುತ್ತವೆ. ಈ ಸಣ್ಣ ಕೆಲಸ ಶಿಕ್ಷಕರಿಂದ ಆಗತಕ್ಕದ್ದು.

ಕೇಳುವ ಕ್ರಮ

ಬಾಯಿಮಾತಿನ ಒಪ್ಪಿಗೆ ಶಿಕ್ಷಕರ ವರ್ಗಾವಣೆಯೊಡನೆ ಮುಗಿದುಹೋಗುತ್ತದೆ. ಆದಕಾರಣ ಕೇಳುವುದೂ ಕೊಡುವುದೂ ಬರಹದಲ್ಲಿ ಇರಬೇಕು. ಬರೆಯಲು ಅಭ್ಯಾಸವಿಲ್ಲದ ತಾಯ್ತಂದೆಯರಿಗೆ ಈ ಮಾದರಿಯನ್ನು ಕೊಡಬಹುದು:

"ಮುಖ್ಯೋಪಾಧ್ಯಾಯರ ಸನ್ನಿಧಿಗೆ. ಮಾನ್ಯರೇ, ತಮ್ಮ ಶಾಲೆಯ ಹತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಆರೋಗ್ಯದ ಕಾರಣದಿಂದ ವೈದ್ಯರ ಚಿಕಿತ್ಸೆಯಲ್ಲಿದ್ದಾಳೆ. ವೈದ್ಯರ ಪತ್ರವನ್ನು ಲಗತ್ತಿಸಿದೆ. ಬೆಳಿಗ್ಗೆ ಮಂಪರು ಮತ್ತು ಪರೀಕ್ಷೆಯ ವೇಳೆ ಉಸಿರು ಕಟ್ಟಿದಂತಾಗುವುದು ಅವಳಿಗಿರುವ ತೊಂದರೆ. ಆದ್ದರಿಂದ ಮುಂದಿನ ಎಂಟು ವಾರಗಳವರೆಗೆ ಎರಡನೆಯ ಅವಧಿಯಿಂದ ಹಾಜರಾಗಲು, ಕಿರುಪರೀಕ್ಷೆಗಳನ್ನು ಬೇರೆ ಕೊಠಡಿಯಲ್ಲಿ ಬರೆಯಲು ಮತ್ತು ಅಭ್ಯಾಸಗಳನ್ನು ಎರಡು ದಿನ ತಡವಾಗಿ ಒಪ್ಪಿಸಲು ಅನುಮತಿ ನೀಡಬೇಕಾಗಿ ಕೋರುತ್ತೇನೆ. ಈ ವಿಷಯವನ್ನು ಅಗತ್ಯವಿರುವ ಶಿಕ್ಷಕರಿಗೆ ಮಾತ್ರ ತಿಳಿಸಬೇಕೆಂದು ವಿನಂತಿ."

ಈ ಪತ್ರದಲ್ಲಿ ರೋಗದ ಹೆಸರಿಲ್ಲ ಎಂಬುದನ್ನು ಗಮನಿಸಬೇಕು. ಶಾಲೆಗೆ ತಿಳಿಯಬೇಕಾದುದು ಯಾವ ಕೆಲಸ ಕಷ್ಟ, ಯಾವ ಬದಲಾವಣೆ ಬೇಕು, ಎಷ್ಟು ಕಾಲ ಬೇಕು ಎಂಬ ಮೂರೇ ಸಂಗತಿ. ಸಾರ್ವಜನಿಕ ಪರೀಕ್ಷೆಯ ಅರ್ಜಿಗೆ ರೋಗದ ವಿವರ ಬೇಕಾದರೆ ಅದು ಪ್ರಮಾಣಪತ್ರದಲ್ಲಿ ಇರುತ್ತದೆ. ಶಿಕ್ಷಕರ ಕೊಠಡಿಯ ಮಾತಿನಲ್ಲಿ ಅಲ್ಲ.

ಪತ್ರ ಬಂದ ವಾರದೊಳಗೆ ಮುಖ್ಯೋಪಾಧ್ಯಾಯರು, ತರಗತಿ ಶಿಕ್ಷಕರು, ಮನೆಯವರು ಮತ್ತು ಆ ಮಗು ಒಟ್ಟಿಗೆ ಕೂರಬೇಕು. ಮಗುವನ್ನು ಹೊರಗೆ ನಿಲ್ಲಿಸಿ ಅದರ ಬಗ್ಗೆ ತೀರ್ಮಾನಿಸಬಾರದು. ಒಪ್ಪಿದ್ದನ್ನು ಒಂದು ಪುಟದಲ್ಲಿ ಬರೆದು ಎಲ್ಲರೂ ಸಹಿ ಮಾಡಬೇಕು. ನಾಲ್ಕು ವಾರಗಳ ಬಳಿಕ ಮತ್ತೆ ಕುಳಿತು, ಉಪಯೋಗವಾದುದನ್ನು ಮುಂದುವರಿಸಿ, ಬೇಡವಾದುದನ್ನು ಕೈಬಿಡಬೇಕು. ಹನ್ನೊಂದನೆಯ ತರಗತಿಗೆ ಬೇರೆ ಶಾಲೆಗೆ, ಬಹುಶಃ ಬೇರೆ ಮಾಧ್ಯಮಕ್ಕೆ ಹೋಗುವಾಗ ಆ ಪುಟದ ಪ್ರತಿ ಮನೆಯವರ ಕೈಯಲ್ಲಿರಬೇಕು. ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಆ ಮೊದಲ ತಿಂಗಳುಗಳಲ್ಲಿ ಅದುವರೆಗೆ ಮೊದಲಿಗರಾಗಿದ್ದ ಮಕ್ಕಳು ತರಗತಿಯ ನಡುವೆಲ್ಲೋ ಕಳೆದುಹೋಗುತ್ತಾರೆ. ಆಗ ಆ ಪುಟದ ಅಗತ್ಯ ಇನ್ನೂ ಹೆಚ್ಚು.

ಎರಡು ಆಕ್ಷೇಪಗಳು

"ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ" ಎಂಬುದು ಮೊದಲನೆಯದು. ಕನ್ನಡಕ ಹಾಕಿಕೊಂಡ ಮಗುವನ್ನು ನೋಡಿ ಉಳಿದವರು ಕನ್ನಡಕ ಕೇಳುವುದಿಲ್ಲ. ಯಾರಾದರೂ ಕೇಳಿದರೆ ಅವರ ಕಣ್ಣನ್ನೂ ಪರೀಕ್ಷಿಸಿದರಾಯಿತು.

"ಇಷ್ಟು ಅಂಕ ಬರುತ್ತಿರುವಾಗ ಹೊಂದಾಣಿಕೆ ಏಕೆ? ಇದು ಉಳಿದವರಿಗೆ ಅನ್ಯಾಯವಲ್ಲವೇ?" ಎಂಬುದು ಎರಡನೆಯದು. ಗಡಿನಾಡಿನ ಕನ್ನಡಿಗರಿಗೆ ಇದರ ಉತ್ತರ ಅವರ ಬದುಕಿನಲ್ಲಿಯೇ ಇದೆ. 2006ರ ತಮಿಳು ಕಲಿಕೆ ಕಾಯ್ದೆ ಜಾರಿಗೆ ಬಂದ ಮೇಲೆ ಭಾಷಾ ಅಲ್ಪಸಂಖ್ಯಾತ ಮಕ್ಕಳ ಪರವಾಗಿ ವಿನಾಯಿತಿ ಕೇಳಿ ಎಷ್ಟು ಮನವಿಗಳು, ಎಷ್ಟು ವ್ಯಾಜ್ಯಗಳು ನಡೆದವೆಂಬುದನ್ನು ಇಲ್ಲಿನ ಶಿಕ್ಷಕರು ಬಲ್ಲರು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ವರ್ಷದ ಹತ್ತನೆಯ ತರಗತಿಯ ಮಕ್ಕಳಿಗೆ ತಮಿಳು ಪತ್ರಿಕೆಯಿಂದ ವಿನಾಯಿತಿ ನೀಡಿದಾಗ ಆ ಮಕ್ಕಳು ದಡ್ಡರೆಂದು ಇಲ್ಲಿ ಯಾರೂ ಭಾವಿಸಲಿಲ್ಲ; ಅವರು ಅನ್ಯಾಯವಾಗಿ ಲಾಭ ಪಡೆದರೆಂದೂ ಹೇಳಲಿಲ್ಲ. ಮಗುವಿನ ಶಕ್ತಿಗೂ ಪರೀಕ್ಷೆಯ ಕ್ರಮಕ್ಕೂ ನಡುವೆ ಅದರ ತಪ್ಪಿಲ್ಲದೆ ಒಂದು ಅಡ್ಡಗೋಡೆ ಇದೆ, ಅದನ್ನು ತೆಗೆಯುವುದು ನ್ಯಾಯ ಎಂದೇ ಎಲ್ಲರೂ ವಾದಿಸಿದರು. ತಾಯ್ನುಡಿಯಲ್ಲಿ ಕಲಿಯುವ ಅವಕಾಶವನ್ನು ಸಂವಿಧಾನದ 350ಎ ವಿಧಿಯ ಬಲದಿಂದ ಕೇಳುತ್ತ ಬಂದ ಸಮುದಾಯ, ಹೊಂದಾಣಿಕೆ ಕೇಳುವ ತನ್ನದೇ ಮಗುವಿಗೆ "ನಿನಗೇಕೆ ವಿಶೇಷ" ಎಂದು ಹೇಳಲಾರದು. ಅಂಕ ಬರುತ್ತಿರುವುದು ತೊಂದರೆ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಆ ಅಂಕಕ್ಕಾಗಿ ಮಗು ತೆರುತ್ತಿರುವ ಬೆಲೆ ಅಂಕಪಟ್ಟಿಯಲ್ಲಿ ಅಚ್ಚಾಗುವುದಿಲ್ಲ.

ತಡಮಾಡಬಾರದ ಸಂದರ್ಭ

ತಾನು ಎಲ್ಲರಿಗೂ ಭಾರ ಎನ್ನುವುದು, ಇನ್ನು ಇರಬಾರದು ಎನ್ನುವುದು, ಪ್ರೀತಿಯ ವಸ್ತ್ರ ಪುಸ್ತಕಗಳನ್ನು ಹಂಚಿಬಿಡುವುದು, ತನ್ನನ್ನು ಗಾಯಗೊಳಿಸಿಕೊಂಡ ಗುರುತು ಕಾಣುವುದು, ಇಂತಹ ಸಂದರ್ಭದಲ್ಲಿ ಅರ್ಜಿ, ಸಭೆ ಎಂದು ಕಾಯಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. "ಯಾರಿಗೂ ಹೇಳಬೇಡಿ" ಎಂದು ಮಗು ಕೇಳಿಕೊಂಡರೆ ಆ ಮಾತು ಕೊಡಬಾರದು. "ನಿನ್ನನ್ನು ಉಳಿಸಿಕೊಳ್ಳಲು ಬೇಕಾದವರಿಗೆ ಮಾತ್ರ ಹೇಳುತ್ತೇನೆ" ಎನ್ನಬೇಕು. ಮಗುವನ್ನು ಒಂಟಿಯಾಗಿ ಬಿಡದೆ ಮನೆಯವರನ್ನು ಕರೆಸಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ ದೊರೆಯುವ ಈ ಸೇವೆಯ ಭಾಷೆಗಳಲ್ಲಿ ಕನ್ನಡವೂ ಇದೆ. ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳು ಕನ್ನಡದಲ್ಲಿ ಬರೆದು ಪ್ರತಿ ತರಗತಿಯ ಬಾಗಿಲ ಬಳಿ ಅಂಟಿಸಿರಬೇಕು.

ಶಿಕ್ಷಕ ಬಾಂಧವರೇ, ಆರಂಭದಲ್ಲಿ ಕಲ್ಪಿಸಿಕೊಂಡ ಆ ಹುಡುಗಿಯ ಬಳಿಗೆ ಮತ್ತೆ ಹೋಗಬಹುದು. ಅವಳಿಗೆ ಬೇಕಾದುದು ಎರಡನೆಯ ಅವಧಿಗೆ ಬರುವ ಅನುಮತಿ, ಒಂದು ಖಾಲಿ ಕೊಠಡಿ, ಎರಡು ದಿನಗಳ ಹೆಚ್ಚು ಕಾಲ, ವೈದ್ಯರ ಬಳಿಗೆ ಹೋಗುವಾಗ ತಾಯಿಯ ಜೊತೆಗೆ ಧೈರ್ಯ ಹೇಳುವ ಒಬ್ಬರು. ಇಷ್ಟಕ್ಕೆ ಯಾವ ಅನುದಾನವೂ ಬೇಡ. ವರ್ಷದ ಕೊನೆಗೆ ಅವಳಿಗೆ 478 ಬರಬಹುದು, 440 ಬರಬಹುದು, ಮುಖ್ಯ ಪರೀಕ್ಷೆ ತಪ್ಪಿ ಪೂರಕ ಪರೀಕ್ಷೆಯನ್ನೇ ಬರೆಯಬೇಕಾಗಬಹುದು. ಅವಳು ಜೂನ್ ತಿಂಗಳಲ್ಲಿ ಮುಂದಿನ ತರಗತಿಗೆ ಸೇರಲು ಅರ್ಜಿ ಹಿಡಿದು ಬಂದು ನಿಂತರೆ, ಶಾಲೆ ತನ್ನ ಕೆಲಸ ಮಾಡಿದೆ ಎಂದೇ ಅರ್ಥ.

ನಾಳೆ ಹಾಜರಿ ಕರೆಯುವಾಗ ಮೊದಲ ಬೆಂಚಿನ ಮಕ್ಕಳ ಮುಖವನ್ನೂ ಒಮ್ಮೆ ನೋಡಿರಿ.